ಡಬ್ಬಿಯಿಂದ ಫೋನಿಗೆ: ದಾರಿಯಲ್ಲಿ ಕಳೆದುಹೋಗುವ ಸಾಕ್ಷ್ಯದ ಕಥೆ

ಕೋರ್ಟ್ ಸುದ್ದಿಗೆಂದು ಹೋದ ಒಂದು ದಿನ ನಾವು ಕಂಡದ್ದನ್ನು ಮೊದಲು ಹೇಳಿಬಿಡುತ್ತೇವೆ. ಹೊಲದ ಬದುವಿಗಾಗಿ ನಡೆದ ಹೊಡೆದಾಟದ ಪ್ರಕರಣ ಅದು. ಗಾಯದ ಸರ್ಟಿಫಿಕೇಟ್ ಬರೆದ ವೈದ್ಯರು ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದರು. ಬರೆದು ನಾಲ್ಕು ವರ್ಷವಾಗಿತ್ತು. ಆರೋಪಿ ಪರ ವಕೀಲರು ಆ ಹಾಳೆಯನ್ನು ಅವರ ಕೈಗೆ ಕೊಟ್ಟು, ‘ಮೂರನೇ ಸಾಲು ಸ್ವಲ್ಪ ಓದಿ ಡಾಕ್ಟ್ರೇ’ ಅಂದರು. ವೈದ್ಯರು ಕನ್ನಡಕ ಏರಿಸಿದರು, ಇಳಿಸಿದರು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರದೇ ಕೈಬರಹ, ಅವರಿಗೇ ಓದಲಾಗಲಿಲ್ಲ. ಗಾಯ ಎಡಗೈಗೆ ಆಗಿತ್ತೋ ಬಲಗೈಗೋ ಎಂಬುದೇ ಗೊತ್ತಾಗಲಿಲ್ಲ. ಒಂದಿಬ್ಬರು ನಕ್ಕರು. ಪೆಟ್ಟು ತಿಂದ ಮುದುಕ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನು ನಗಲಿಲ್ಲ.

ಹೊರಗೆ ಚಹಾ ಕುಡಿಯುವಾಗ ಹಿರಿಯ ವಕೀಲರೊಬ್ಬರು ಹೇಳಿದರು: ‘ಇದು ಬರೀ ಕೈಪೆಟ್ಟಿನ ಕೇಸು. ನಿಮ್ಮನ್ನು ಒಳಗೆ ಬಿಡದ ಕೇಸುಗಳಲ್ಲೂ ಇದೇ ನಡೆಯುತ್ತೆ.’ ಅತ್ಯಾಚಾರ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಅದು ಸರಿಯೇ. ಆದರೆ ಆ ಬಾಗಿಲ ಹಿಂದೆ ಒಂದು ಹಾಳೆ, ಒಂದು ಲಕೋಟೆ, ಒಂದು ಸೀಲು ಹೇಗೆ ಸೋಲುತ್ತವೆ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆ ಮಾತು ಕೇಳಿದ ಮೇಲೆ ನಾವು ಈ ಸಾಕ್ಷ್ಯದ ಚರಿತ್ರೆ ಹುಡುಕಲು ಕೂತೆವು. ಹುಡುಕುತ್ತಾ ಅಮೆರಿಕದ ಶಿಕಾಗೋ, ಕಾಂಗೋದ ಬುಕಾವು, ಕೀನ್ಯಾದ ನೈವಾಶಾ ತನಕ ಹೋಗಬೇಕಾಯಿತು. ಕಾಲಿನಲ್ಲಿ ಅಲ್ಲ, ಓದಿನಲ್ಲಿ.

ಕಥೆ ಒಂದು ರಟ್ಟಿನ ಡಬ್ಬಿಯಿಂದ ಶುರುವಾಗುತ್ತದೆ.

1970ರ ದಶಕದ ಶಿಕಾಗೋ. ಅಲ್ಲಿ ಮಾರ್ಟಿ ಗೊಡ್ಡಾರ್ಡ್ ಎಂಬ ಮಹಿಳೆ ಮನೆ ಬಿಟ್ಟು ಓಡಿಬಂದ ಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಈ ಮಕ್ಕಳು ಮನೆ ಬಿಟ್ಟಿದ್ದೇಕೆ ಎಂದು ಕೇಳುತ್ತಾ ಹೋದಂತೆ ಎಷ್ಟೋ ಹುಡುಗಿಯರ ಉತ್ತರ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಮನೆಯಲ್ಲೇ ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ಹಾಗಾದರೆ ತಪ್ಪು ಮಾಡಿದವರಿಗೆ ಶಿಕ್ಷೆ ಏಕಿಲ್ಲ? ಗೊಡ್ಡಾರ್ಡ್ ಪೊಲೀಸರನ್ನು, ಆಸ್ಪತ್ರೆಯವರನ್ನು, ಪ್ರಯೋಗಾಲಯದವರನ್ನು ಕೇಳುತ್ತಾ ಹೋದರು. ಸಾಕ್ಷ್ಯ ಇರಲಿಲ್ಲ ಎಂದಲ್ಲ, ಅದನ್ನು ತೆಗೆದಿಡುವ ಕ್ರಮವೇ ಇರಲಿಲ್ಲ. ಆಸ್ಪತ್ರೆಯವರಿಗೆ ಏನು ತೆಗೆದಿಡಬೇಕು, ಹೇಗೆ ತೆಗೆದಿಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರಯೋಗಾಲಯಕ್ಕೆ ಬರುವ ಗಾಜಿನ ಸ್ಲೈಡುಗಳ ಮೇಲೆ ಹೆಸರು ಸರಿಯಾಗಿ ಇರುತ್ತಿರಲಿಲ್ಲ. ಬಟ್ಟೆಗಳು ಒಂದಕ್ಕೊಂದು ತಾಗಿ ಎಲ್ಲ ಬೆರಕೆಯಾಗಿರುತ್ತಿತ್ತು.

ಗೊಡ್ಡಾರ್ಡ್ ಕಂಡುಕೊಂಡ ಉಪಾಯ ಬಹಳ ಸರಳ. ಒಂದು ಡಬ್ಬಿ. ಅದರೊಳಗೆ ಹತ್ತಿಯ ಕಡ್ಡಿಗಳು, ಸ್ಲೈಡುಗಳು, ಬಾಚಣಿಗೆ, ಉಗುರು ಕತ್ತರಿ, ಬಟ್ಟೆ ಇಡಲು ಕಾಗದದ ಚೀಲಗಳು, ತುಂಬಬೇಕಾದ ಫಾರಂ, ಮೊದಲು ಏನು ಆಮೇಲೆ ಏನು ಎಂಬ ಸೂಚನೆ. ಕೊನೆಗೆ ಸೀಲು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಸಹಿ. ಇದಕ್ಕೆ ಹಣ ಕೊಡಲು ಯಾವ ದೊಡ್ಡ ಸಂಸ್ಥೆಯೂ ಮುಂದೆ ಬರಲಿಲ್ಲ. ಕೊನೆಗೆ ಕೊಟ್ಟದ್ದು ಯಾರು ಗೊತ್ತೇ? ಬೆತ್ತಲೆ ಚಿತ್ರಗಳ ಪತ್ರಿಕೆ ‘ಪ್ಲೇಬಾಯ್’ನ ದತ್ತಿ ಪ್ರತಿಷ್ಠಾನ. 10,000 ಡಾಲರ್. ಡಬ್ಬಿಗಳನ್ನು ಜೋಡಿಸಿದ್ದು ಅದೇ ಪತ್ರಿಕೆಯ ಕಚೇರಿಯಲ್ಲಿ ಕೂತ ವಯಸ್ಸಾದ ಸ್ವಯಂಸೇವಕರು. ಸ್ತ್ರೀವಾದಿ ಗೆಳತಿಯರು ಬೈದರಂತೆ, ಗೊಡ್ಡಾರ್ಡ್ ಹಣ ಬಿಡಲಿಲ್ಲ. ನಮಗಂತೂ ಅವರು ಮಾಡಿದ್ದು ಸರಿ ಅನಿಸುತ್ತದೆ.

1978ರಲ್ಲಿ ಶಿಕಾಗೋ ಸುತ್ತಲಿನ ಆಸ್ಪತ್ರೆಗಳಲ್ಲಿ ಡಬ್ಬಿ ಬಳಕೆಗೆ ಬಂತು. ಅದರ ಮೇಲೆ ಅಚ್ಚಾದ ಹೆಸರು ಮಾತ್ರ ‘ವಿಟುಲ್ಲೊ ಕಿಟ್’. ಲೂಯಿಸ್ ವಿಟುಲ್ಲೊ ಪೊಲೀಸ್ ಪ್ರಯೋಗಾಲಯದ ಅಧಿಕಾರಿ. ಕಲ್ಪನೆ ಆಕೆಯದು, ಹೆಸರು ಆತನದು. ಗೊಡ್ಡಾರ್ಡ್ 2015ರಲ್ಲಿ ತೀರಿಕೊಂಡಾಗ ಆ ಸುದ್ದಿ ಬರೆದವರೇ ಇರಲಿಲ್ಲ ಎನ್ನಬಹುದು.

ಆ ಡಬ್ಬಿ ಮುಂದೆ ಅಮೆರಿಕದ ಉದ್ದಗಲಕ್ಕೂ ಹೋಯಿತು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅದರ ಬಲ ಇನ್ನೂ ಹೆಚ್ಚಿತು. ಆದರೆ 2009ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸ್ ಗೋದಾಮೊಂದರಲ್ಲಿ ಯಾರೂ ಪರೀಕ್ಷೆಗೆ ಕಳುಹಿಸದ 11,341 ಡಬ್ಬಿಗಳು ಸಿಕ್ಕವು. ಹೆಂಗಸರು ನೋವು ಸಹಿಸಿಕೊಂಡು ಗಂಟೆಗಟ್ಟಲೆ ಪರೀಕ್ಷೆಗೆ ಒಳಗಾಗಿ ಕೊಟ್ಟ ಸಾಕ್ಷ್ಯ ಅದು. ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಆಮೇಲೆ ಪರೀಕ್ಷೆ ಮಾಡಿಸಿದಾಗ ನೂರಾರು ಸರಣಿ ಅತ್ಯಾಚಾರಿಗಳ ಜಾಡು ಸಿಕ್ಕಿತು. ಡಬ್ಬಿಗೆ ಬೀಗವಿತ್ತು, ಸೀಲಿತ್ತು, ಸಹಿಯಿತ್ತು. ದಾರಿ ಮಾತ್ರ ನಡುವೆ ನಿಂತುಹೋಗಿತ್ತು.

ಪ್ರಯೋಗಾಲಯಗಳಿರುವ ದೇಶದ ಕಥೆ ಇದಾದರೆ ಪ್ರಯೋಗಾಲಯವೇ ಇಲ್ಲದ ಕಡೆ ಏನು ಮಾಡಬೇಕು? ಈ ಪ್ರಶ್ನೆ ನಮ್ಮನ್ನು ಪೂರ್ವ ಕಾಂಗೋಗೆ ಕರೆದೊಯ್ಯುತ್ತದೆ.

ಕಾಂಗೋದ ಪೂರ್ವ ಭಾಗದಲ್ಲಿ 1990ರ ದಶಕದಿಂದ ಯುದ್ಧ ನಿಂತದ್ದೇ ಇಲ್ಲ ಎನ್ನಬಹುದು. ಸರ್ಕಾರಿ ಸೈನ್ಯ, ಬಂಡುಕೋರರು, ಊರೂರಿನ ಸಶಸ್ತ್ರ ಗುಂಪುಗಳು. ಎಲ್ಲರ ಕೈಯಲ್ಲೂ ಅತ್ಯಾಚಾರ ಒಂದು ಆಯುಧವಾಗಿತ್ತು. ಬುಕಾವು ನಗರದಲ್ಲಿ 1999ರಲ್ಲಿ ಹೆರಿಗೆಗೆಂದು ಪಾಂಜಿ ಆಸ್ಪತ್ರೆ ಕಟ್ಟಿದ ಡಾಕ್ಟರ್ ಡೆನಿಸ್ ಮುಕ್ವೇಗೆ ಅವರ ಬಳಿಗೆ ಬಂದವರು ಹೆಚ್ಚಾಗಿ ಗರ್ಭಿಣಿಯರಲ್ಲ, ದೌರ್ಜನ್ಯದಿಂದ ದೇಹ ಹರಿದುಹೋದ ಹೆಂಗಸರು. ಅವರು ಸಾವಿರಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಸುಮ್ಮನೆ ಚಿಕಿತ್ಸೆ ಮಾಡಿಕೊಂಡು ಇರಲಿಲ್ಲ, ಹೊರಗೆ ಹೋಗಿ ಮಾತಾಡಿದರು. 2012ರ ಅಕ್ಟೋಬರ್‌ನಲ್ಲಿ ಬಂದೂಕುಧಾರಿಗಳು ಅವರ ಮನೆಗೆ ನುಗ್ಗಿದರು. ಅವರು ಬದುಕಿಕೊಂಡರು, ಅವರ ಕಾವಲಿನವನು ಸತ್ತ. ಕುಟುಂಬದೊಂದಿಗೆ ಯೂರೋಪಿಗೆ ಹೋದ ವೈದ್ಯರನ್ನು ವಾಪಸ್ ಕರೆಸಿಕೊಳ್ಳಲು ಅಲ್ಲಿನ ಬಡ ಹೆಂಗಸರು ಅನಾನಸು, ಈರುಳ್ಳಿ ಮಾರಿ ವಿಮಾನದ ಟಿಕೆಟ್ಟಿಗೆ ಹಣ ಕೂಡಿಸಿದರು. 2013ರ ಜನವರಿಯಲ್ಲಿ ಅವರು ಮರಳಿ ಬಂದರು. 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ಆ ಅನಾನಸಿನ ಬುಟ್ಟಿಯೇ ನಮಗೆ ಹೆಚ್ಚು ನೆನಪಿರುವುದು.

ಇಂಥ ಜಾಗದಲ್ಲಿ ವೈದ್ಯರು ಬರೆದಿಟ್ಟ ಕಾಗದದ ಗತಿ ಏನು ಯೋಚಿಸಿ. ಮಳೆಗೆ ನೆನೆಯುತ್ತದೆ, ಇಲಿ ತಿನ್ನುತ್ತದೆ. ಅದು ಎಲ್ಲ ಕಡೆಯೂ ಇರುವ ಕಷ್ಟ. ಇಲ್ಲಿ ಬಂದೂಕು ಹಿಡಿದವನೇ ಬಂದು ಕಡತ ಕೇಳಬಹುದು. ಪೂರ್ವ ಕಾಂಗೋದಲ್ಲಿ ಡಿಎನ್‌ಎ ಪರೀಕ್ಷೆ ಕೈಗೆಟುಕುವ ಮಾತಲ್ಲ. ಹಾಗಾಗಿ ಸಂತ್ರಸ್ತೆಯ ಮಾತಿನ ಜೊತೆ ಕೋರ್ಟಿಗೆ ಸಿಗುವುದು ವೈದ್ಯರ ಬರಹವೊಂದೇ. ಆ ಬರಹವೂ ಒಬ್ಬೊಬ್ಬರದು ಒಂದೊಂದು ಥರ.

ಇದರ ಫಲ 2014ರಲ್ಲಿ ಕಣ್ಣಿಗೆ ಕಂಡಿತು. 2012ರ ನವೆಂಬರ್‌ನಲ್ಲಿ ಸೋತು ಹಿಂದೆ ಸರಿಯುತ್ತಿದ್ದ ಸರ್ಕಾರಿ ಸೈನಿಕರು ಮಿನೋವಾ ಎಂಬ ಊರಿನಲ್ಲಿ ದಿನಗಟ್ಟಲೆ ಅತ್ಯಾಚಾರ ನಡೆಸಿದ್ದರು. ನೂರಕ್ಕೂ ಹೆಚ್ಚು ಪ್ರಕರಣಗಳನ್ನು ವಿಶ್ವಸಂಸ್ಥೆಯವರು ದಾಖಲಿಸಿದ್ದರು. ಸೇನಾ ನ್ಯಾಯಾಲಯದ ಮುಂದೆ ನಿಂತದ್ದು 39 ಸೈನಿಕರು. ಹೆಂಗಸರು ಮುಖ ಮುಚ್ಚಿಕೊಂಡು ಬಂದು ಸಾಕ್ಷಿ ಹೇಳಿದರು. ಅತ್ಯಾಚಾರಕ್ಕೆ ಶಿಕ್ಷೆಯಾದದ್ದು ಇಬ್ಬರಿಗೆ ಮಾತ್ರ.

ಈಗ ಫೋನಿನ ವಿಷಯಕ್ಕೆ ಬರೋಣ. ‘ಫಿಸಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್’ ಎಂಬ ಅಮೆರಿಕದ ಸಂಸ್ಥೆ ಇದೆ. 1986ರಲ್ಲಿ ಹುಟ್ಟಿದ್ದು. ಹೆಸರೇ ಹೇಳುವಂತೆ ಮಾನವ ಹಕ್ಕುಗಳಿಗಾಗಿ ದುಡಿಯುವ ವೈದ್ಯರ ಕೂಟ. 2011ರಿಂದ ಇವರು ಕಾಂಗೋ ಮತ್ತು ಕೀನ್ಯಾದ ವೈದ್ಯರು, ನರ್ಸ್‌ಗಳು, ಪೊಲೀಸರು, ವಕೀಲರು, ನ್ಯಾಯಾಧೀಶರನ್ನು ಒಟ್ಟಿಗೆ ಕೂರಿಸಿ ತರಬೇತಿ ಕೊಡಲು ಶುರು ಮಾಡಿದರು. ಒಟ್ಟಿಗೆ ಕೂತಾಗ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಯಿತು. ಪೊಲೀಸರಿಗೆ ವೈದ್ಯರ ಬರಹ ಅರ್ಥವಾಗುತ್ತಿರಲಿಲ್ಲ. ವೈದ್ಯರಿಗೆ ಕೋರ್ಟು ಏನು ಕೇಳುತ್ತದೆ ಎಂದು ಗೊತ್ತಿರಲಿಲ್ಲ. ಗಾಯದ ಫೋಟೋ ತೆಗೆಯೋಣ ಎಂದರೆ ಕ್ಯಾಮೆರಾ ಇಲ್ಲ, ತೆಗೆದರೆ ಇಡಲು ಭದ್ರ ಜಾಗ ಇಲ್ಲ. ಆದರೆ ಎಲ್ಲರ ಜೇಬಿನಲ್ಲೂ ಮೊಬೈಲ್ ಇತ್ತು. ಹಾಗೆ ಹುಟ್ಟಿದ್ದು ‘ಮೆಡಿಕ್ಯಾಪ್ಟ್’ ಎಂಬ ಆ್ಯಪ್. ಎಲ್ಲೋ ಕೂತ ಇಂಜಿನಿಯರ್ ಒಬ್ಬನೇ ಮಾಡಿದ್ದಲ್ಲ, ಬಳಸಬೇಕಾದ ವೈದ್ಯರು, ನರ್ಸ್‌ಗಳ ಜೊತೆ ಕೂತು ಮಾಡಿದ್ದು.

ಅದರ ಕೆಲಸ ಹೀಗೆ. ಸರ್ಕಾರ ಒಪ್ಪಿದ ಪರೀಕ್ಷಾ ಫಾರಂ ಫೋನಿನ ಪರದೆಯಲ್ಲಿ ಒಂದೊಂದೇ ಪುಟವಾಗಿ ಬರುತ್ತದೆ. ಒಪ್ಪಿಗೆ ಕೇಳಿದಿರಾ? ಎಂದು ನಡೆಯಿತು? ಗಾಯ ಎಲ್ಲಿ? ಮುಖ್ಯವಾದ ಪ್ರಶ್ನೆ ಬಿಟ್ಟು ಮುಂದೆ ಓಡಲು ಬರುವುದಿಲ್ಲ. ದೇಹದ ಚಿತ್ರದ ಮೇಲೆ ಗಾಯದ ಜಾಗ ಗುರುತಿಸಬಹುದು, ಎಡ ಬಲ ಅದಲುಬದಲಾಗುವುದಿಲ್ಲ. (ಆ ಮುದುಕನ ಕೈ ನೆನಪಾಯಿತು.) ಆ್ಯಪ್ ಒಳಗಿನಿಂದಲೇ ಫೋಟೋ ತೆಗೆಯಬೇಕು. ದಿನ, ಹೊತ್ತು ತಾನೇ ದಾಖಲಾಗುತ್ತದೆ. ಇಡೀ ದಾಖಲೆಯನ್ನು ಗೂಢಲಿಪಿಗೆ ತಿರುಗಿಸಿ ದೂರದ ಸರ್ವರ್‌ನಲ್ಲಿ ಇಡುತ್ತಾರೆ. ಫೋನ್ ಕಳುವಾದರೆ ಕಳ್ಳನಿಗೆ ಫೋನ್ ಸಿಗುತ್ತದೆ, ಸಾಕ್ಷ್ಯ ಸಿಗುವುದಿಲ್ಲ. ಯಾರು ತೆರೆದರು, ಯಾವಾಗ ತೆರೆದರು ಎಂಬ ಲೆಕ್ಕ ಉಳಿಯುತ್ತದೆ. ಶಿಕಾಗೋದ ಡಬ್ಬಿಯ ಮೇಲಿದ್ದ ಸಹಿಗಳ ಸಾಲು ಇತ್ತಲ್ಲ, ಅದೇ ಇದು. ಕೈಯಿಂದ ಕೈಗೆ ದಾಟಿದ್ದರ ಲೆಕ್ಕ.

ಮೊದಲು ಕಾಂಗೋದ ವೈದ್ಯರು ಇದನ್ನು ಪರೀಕ್ಷಿಸಿ ನೋಡಿದರು. ನೆಟ್‌ವರ್ಕ್ ಇಲ್ಲದಾಗ ಏನು ಗತಿ, ಕರೆಂಟ್ ಹೋದಾಗ ಏನು ಗತಿ ಎಂಬ ಪ್ರಶ್ನೆಗಳು ಎದ್ದವು. ನಮ್ಮೂರಿನವರು ಕೇಳುವಂಥವೇ. ಹಾಗಾಗಿ ನೆಟ್‌ವರ್ಕ್ ಇಲ್ಲದಾಗಲೂ ತುಂಬಿಟ್ಟು, ಸಿಕ್ಕಾಗ ಕಳುಹಿಸುವಂತೆ ಮಾಡಿದರು. ನಿಜವಾದ ರೋಗಿಗಳ ಜೊತೆ ಬಳಕೆಗೆ ಬಂದದ್ದು 2018ರಲ್ಲಿ, ಕೀನ್ಯಾದ ನೈವಾಶಾ ಜಿಲ್ಲಾ ಆಸ್ಪತ್ರೆಯಲ್ಲಿ.

ನೈವಾಶಾ ಹೆಸರು ನಮ್ಮ ಹೂ ಬೆಳೆಗಾರರಿಗೆ ಹೊಸದಲ್ಲ. ದೊಡ್ಡ ಸರೋವರ, ಅದರ ಸುತ್ತ ಯೂರೋಪಿಗೆ ಹೋಗುವ ಗುಲಾಬಿಯ ಹಸಿರುಮನೆಗಳು. ಬೆಂಗಳೂರಿನ ಕರುತೂರಿ ಕಂಪನಿ 2007ರಲ್ಲಿ ಅಲ್ಲಿನ ದೊಡ್ಡ ಗುಲಾಬಿ ತೋಟವೊಂದನ್ನು ಕೊಂಡಿತ್ತು. ಅದೇ ವರ್ಷದ ಕೊನೆಯಲ್ಲಿ ಕೀನ್ಯಾದಲ್ಲಿ ಚುನಾವಣೆ ನಡೆದು, ಫಲಿತಾಂಶದ ಜಗಳ ಜನಾಂಗದ ಜಗಳವಾಯಿತು. 2008ರ ಮೊದಲ ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ನೈವಾಶಾ ಕೂಡ ಹೊತ್ತಿ ಉರಿಯಿತು. ಆ ದಿನಗಳಲ್ಲಿ ನಡೆದ ಅತ್ಯಾಚಾರಗಳಲ್ಲಿ ತನಿಖಾ ಆಯೋಗದ ಲೆಕ್ಕಕ್ಕೆ ಸಿಕ್ಕಿದ್ದೇ ಸುಮಾರು 900.

ಶಿಕ್ಷೆ ಎಷ್ಟು ಜನರಿಗಾಯಿತು ಎಂದು ಕೇಳಬೇಡಿ. 2013ರಲ್ಲಿ ಎಂಟು ಮಂದಿ, ಅವರಲ್ಲಿ ಇಬ್ಬರು ಗಂಡಸರು, ಸರ್ಕಾರದ ಮೇಲೆಯೇ ಕೇಸು ಹಾಕಿದರು. ರಕ್ಷಿಸಲಿಲ್ಲ, ದೂರು ಕೊಟ್ಟರೂ ತನಿಖೆ ಮಾಡಲಿಲ್ಲ ಎಂಬುದು ಅವರ ಅಳಲು. ಏಳು ವರ್ಷ ಕೋರ್ಟಿಗೆ ಅಲೆದರು. 2020ರ ಡಿಸೆಂಬರ್ 10ರಂದು ನೈರೋಬಿಯ ಹೈಕೋರ್ಟ್ ಅವರಲ್ಲಿ ನಾಲ್ವರಿಗೆ ತಲಾ 40 ಲಕ್ಷ ಶಿಲ್ಲಿಂಗ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಉಳಿದ ನಾಲ್ವರಿಗೆ ಏನೂ ಸಿಗಲಿಲ್ಲ.

ಕೀನ್ಯಾದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪರೀಕ್ಷೆಗೆ ಪ್ರತ್ಯೇಕ ಸರ್ಕಾರಿ ಫಾರಂ ಇದೆ. ಮೂರು ಪ್ರತಿ ಬೇಕು: ಪೊಲೀಸರಿಗೊಂದು, ಸಂತ್ರಸ್ತರಿಗೊಂದು, ಆಸ್ಪತ್ರೆಗೊಂದು. ಕಾರ್ಬನ್ ಹಾಳೆ ಇಟ್ಟು ಬರೆದವರಿಗೆ ಗೊತ್ತು, ಮೂರನೇ ಪ್ರತಿಯಲ್ಲಿ ಏನು ಕಾಣುತ್ತದೆ ಎಂದು. ನೈವಾಶಾದಲ್ಲಿ ಈ ಫಾರಂನ್ನೇ ಫೋನಿಗೆ ಇಳಿಸಿದರು. ಅಕ್ಷರ ಓದಲು ಬರುತ್ತದೆ. ಇದೇ ದೊಡ್ಡ ಸಾಧನೆಯೇ ಎಂದು ನಗಬೇಡಿ. ಅಕ್ಷರ ಓದಲು ಬಾರದೆ ಬಿದ್ದುಹೋದ ಕೇಸಿನ ಮುಂದೆ ಕೂತವರಿಗೆ ಅದು ದೊಡ್ಡದೇ.

ಆದರೆ ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಈ ಕಥೆಯಲ್ಲಿ ಬರುವ ದೊಡ್ಡ ಗೆಲುವು ಆ್ಯಪ್‌ನದಲ್ಲ. ಅದು ಬುಕಾವು ಬಳಿಯ ಕವುಮು ಎಂಬ ಹಳ್ಳಿಯದು. 2013ರಿಂದ 2016ರವರೆಗೆ ಅಲ್ಲಿ ಸುಮಾರು 40 ಪುಟ್ಟ ಹೆಣ್ಣುಮಕ್ಕಳನ್ನು ರಾತ್ರಿ ಮನೆಯೊಳಗಿಂದ ಎತ್ತಿಕೊಂಡು ಹೋಗಿ ದೌರ್ಜನ್ಯ ನಡೆಸಲಾಯಿತು. ಮೊದಮೊದಲು ಒಂದೊಂದನ್ನೂ ಬಿಡಿ ಪ್ರಕರಣ ಎಂದೇ ನೋಡಿದರು. ಪಾಂಜಿ ಆಸ್ಪತ್ರೆಗೆ ಮಾತ್ರ ಒಂದೇ ಊರಿನಿಂದ, ಒಂದೇ ಬಗೆಯ ಗಾಯದೊಂದಿಗೆ ಮಕ್ಕಳು ಮತ್ತೆ ಮತ್ತೆ ಬರುತ್ತಲೇ ಇದ್ದರು. ವೈದ್ಯರ ದಾಖಲೆಗಳನ್ನು ಒಂದರ ಪಕ್ಕ ಒಂದು ಇಟ್ಟಾಗ, ಇದು ಒಬ್ಬ ಕಾಮುಕನ ಕೆಲಸವಲ್ಲ, ಒಂದು ಗುಂಪಿನ ಕೆಲಸ ಎಂದು ಹೇಳಲು ಬಲ ಬಂತು. ಗುಂಪಿನ ನಾಯಕ ಪ್ರಾಂತೀಯ ಶಾಸಕ ಫ್ರೆಡೆರಿಕ್ ಬಟುಮಿಕೆ. ಮುಗ್ಧ ಮಕ್ಕಳ ರಕ್ತ ಯುದ್ಧದಲ್ಲಿ ಕಾಪಾಡುತ್ತದೆ ಎಂಬ ಮೂಢನಂಬಿಕೆ ಅವನ ಬಂಟರದು.

2017ರ ನವೆಂಬರ್‌ನಲ್ಲಿ ಸೇನಾ ನ್ಯಾಯಾಲಯವೇ ಕವುಮುಗೆ ಬಂದು ಕಲಾಪ ನಡೆಸಿತು. ಮಕ್ಕಳನ್ನು ಕಟಕಟೆಗೆ ಹತ್ತಿಸಲಿಲ್ಲ, ಮೊದಲೇ ಮಾಡಿಟ್ಟ ವಿಡಿಯೋ ಹೇಳಿಕೆಗಳನ್ನು ತೋರಿಸಿದರು. ವೈದ್ಯರ ದಾಖಲೆಗಳು ಜೊತೆಗಿದ್ದವು. ಡಿಸೆಂಬರ್ 13ರಂದು ಶಾಸಕನೂ ಸೇರಿ 11 ಮಂದಿಗೆ ಮಾನವೀಯತೆಯ ವಿರುದ್ಧದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿಯಲ್ಲೂ ಶಿಕ್ಷೆ ಉಳಿಯಿತು. ಮಿನೋವಾದಲ್ಲಿ ಸೋತದ್ದು ಇಲ್ಲಿ ಏಕೆ ಗೆದ್ದಿತು? ವೈದ್ಯರು, ಪೊಲೀಸರು, ವಕೀಲರು ಒಂದೇ ಕ್ರಮದಲ್ಲಿ ಬರೆದರು, ಬರೆದದ್ದು ಕೋರ್ಟಿನವರೆಗೆ ತಲುಪಿತು. ಆ್ಯಪ್ ಮಾಡಲು ಹೊರಟದ್ದು ಇದೇ ಕ್ರಮವನ್ನು ಸಾಮಾನ್ಯ ಆಸ್ಪತ್ರೆಯ ಸಾಮಾನ್ಯ ನರ್ಸ್ ಕೈಗೆ ಕೊಡುವ ಕೆಲಸ.

ಕ್ಯಾಮೆರಾಕ್ಕೂ ಮಿತಿ ಇದೆ. ಅತ್ಯಾಚಾರಕ್ಕೆ ಒಳಗಾದ ಎಷ್ಟೋ ಜನರ ಮೈಮೇಲೆ ಕಣ್ಣಿಗೆ ಕಾಣುವ ಗಾಯ ಇರುವುದೇ ಇಲ್ಲ. ಹೆದರಿ ಮರಗಟ್ಟಿದವರ ಮೈಯಲ್ಲಿ ಪರಚಿದ ಗುರುತು ಎಲ್ಲಿಂದ ಬರಬೇಕು? ಫೋಟೋ ಇಲ್ಲ ಅಂದರೆ ಏನೂ ನಡೆದಿಲ್ಲ ಎಂದು ಕೋರ್ಟು ನಂಬಲು ಶುರು ಮಾಡಿದರೆ ಫೋನು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಇನ್ನು ಕೀನ್ಯಾದಲ್ಲೂ ನಮ್ಮಲ್ಲಿಯಂತೆ ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಪ್ರತ್ಯೇಕ ಪ್ರಮಾಣಪತ್ರ ಕೊಡಬೇಕೆಂದು ಕಾನೂನು ಹೇಳುತ್ತದೆ. ನ್ಯಾಯಾಧೀಶರಿಗೂ ಈ ದಾಖಲೆ ಏನೆಂದು ತಿಳಿಯಬೇಕು. ಆದ್ದರಿಂದಲೇ ಅಲ್ಲಿ ಆ್ಯಪ್ ಕೊಟ್ಟು ಸುಮ್ಮನಾಗಲಿಲ್ಲ, ತರಬೇತಿ ಮುಂದುವರಿಸಿದರು.

ಫೋನಿನ ಇನ್ನೊಂದು ಮುಖ ನಮಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ನಾವಿದ್ದ ಒಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಬಾಲಕಿಯೊಬ್ಬಳ ವೈದ್ಯಕೀಯ ವರದಿಯ ಫೋಟೋ ಬಂದಿತ್ತು. ಹೆಸರು, ಊರು, ತಂದೆಯ ಹೆಸರು ಎಲ್ಲ ಕಾಣುತ್ತಿತ್ತು. ‘ಎಕ್ಸ್‌ಕ್ಲೂಸಿವ್’ ಎಂದು ಕಳುಹಿಸಿದವರು ನಮ್ಮ ವೃತ್ತಿಯವರೇ. ನಾವು ಅಳಿಸಿದೆವು, ಅಳಿಸಲು ಹೇಳಿದೆವು. ಆದರೆ ಅಷ್ಟರಲ್ಲಿ ಅದು ಎಷ್ಟು ಕೈ ದಾಟಿತ್ತೋ. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. ಹಿಂದಿನ ದಂಡ ಸಂಹಿತೆಯಲ್ಲೂ ಇತ್ತು, ಈಗಿನ ನ್ಯಾಯ ಸಂಹಿತೆಯ 72ನೇ ಕಲಂನಲ್ಲೂ ಇದೆ. ಅಂದು ದೂರು ಕೊಡದೆ ಸುಮ್ಮನಿದ್ದದ್ದು ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ.

ನಮ್ಮ ದೇಶದಲ್ಲಿ ಏನಿದೆ ಎಂದು ಕೇಳುವವರಿಗೆ ಚುಟುಕಾಗಿ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವುದೇ ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಮೈಮೇಲಿನ ಸಾಕ್ಷ್ಯ ಗಂಟೆ ಗಂಟೆಗೂ ಕಡಿಮೆಯಾಗುತ್ತದೆ, ಹಾಗಾಗಿ ಸ್ನಾನ, ಬಟ್ಟೆ ಒಗೆಯುವುದು ಆಮೇಲೆ. ತಡವಾದರೂ ಹೋಗಿ, ತಡವಾಯಿತೆಂದು ಪರೀಕ್ಷೆ ನಿರಾಕರಿಸುವಂತಿಲ್ಲ. ‘ಎರಡು ಬೆರಳಿನ ಪರೀಕ್ಷೆ’ಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಖಂಡಿಸಿತ್ತು, 2022ರ ಅಕ್ಟೋಬರ್ 31ರಂದು, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಹೇಳಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ವೈದ್ಯರು ಏಳು ದಿನದೊಳಗೆ ತನಿಖಾಧಿಕಾರಿಗೆ ವರದಿ ಕಳುಹಿಸಬೇಕು. 2014ರ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಂತೆ ದಾಖಲೆಯ ಒಂದು ಪ್ರತಿಯನ್ನು ಸಂತ್ರಸ್ತೆಗೆ ಉಚಿತವಾಗಿ ಕೊಡಬೇಕು. ಈ ಕೊನೆಯದನ್ನು ಕೇಳಿ ಪಡೆಯುವವರು ಬಹಳ ಕಡಿಮೆ.

ಈ ಬರಹವನ್ನು ಹಾಕುವ ಮೊದಲು ನಮಗೆ ಪರಿಚಯದ ಆಶಾ ಕಾರ್ಯಕರ್ತೆಯೊಬ್ಬರಿಗೆ ಓದಿ ಹೇಳಿದೆವು. ಅವರ ಫೋನಿನಲ್ಲಿ ಈಗಾಗಲೇ ನಾಲ್ಕು ಸರ್ಕಾರಿ ಆ್ಯಪ್ ಇವೆ. ಎಲ್ಲ ಕೇಳಿ, ‘ಆ ನೈವಾಶಾದಾಗ ಚಾರ್ಜ್ ಖಾಲಿ ಆದ್ರ ಏನ್ ಮಾಡ್ತಾರ?’ ಅಂದರು. ಕಾಗದದ ಫಾರಂ ಅಲ್ಲೂ ಇದೆಯಮ್ಮ ಅಂದೆವು. ‘ಹಂಗಾದ್ರ ಅಕ್ಷರ ಚಲೋ ಬರೀಬೇಕು’ ಎಂದು ಹೇಳಿ, ಅವರು ತಮ್ಮ ರಿಜಿಸ್ಟರ್ ತೆರೆದರು.